ಕಡಿಮೆ ಬಂದರೆ ಅಳು, ಜಾಸ್ತಿ ಬಂದರೆ ಸುಮ್ನೆ: ಐದು ವರ್ಷದ ಮಗಳ ಬಗ್ಗೆ ಕೇಳಬೇಕಿತ್ತು

ವಿಜಯಪುರದ ಅಮ್ಮ:
ನಮ್ಮದು ಕೂಡು ಕುಟುಂಬ, ಮೈದುನನ ಮಕ್ಕಳೂ ಸೇರಿ ಮನೆ ತುಂಬ ಹುಡುಗರು. ಮೊನ್ನೆ ಅಮೀನಗಡದ ಕರದಂಟು ತಂದಿದ್ವಿ. ಮಗಳು ಎಲ್ಲರ ತುಂಡನ್ನೂ ತನ್ನದರ ಪಕ್ಕಕ್ಕೆ ಹಿಡಿದು ನೋಡಿದಳು. ತನ್ನದು ಚೂರು ಸಣ್ಣದು ಅಂತ ಗೊತ್ತಾಗಿದ್ದೇ ತಡ, ಅತ್ತಿದ್ದೇ ಅತ್ತಿದ್ದು. ಮರುದಿನ ದೊಡ್ಡ ತುಂಡು ಅವಳಿಗೇ ಬಂತು, ಆಗ ಮಾತೇ ಇಲ್ಲ! ಅತ್ತೆಯವರು ಇದು ಸ್ವಾರ್ಥ, ಈಗಲೇ ತಿದ್ದು ಅಂತಾರೆ. ಹೌದಾ?

ಇಬ್ಬರು ಮಕ್ಕಳ ಅಪ್ಪ, ಬೆಳಗಾವಿ:
ಚಿಂತೆ ಬೇಡ ಅಕ್ಕಾ, ಈ ವಯಸ್ಸೇ ಹಾಗೆ. "ನನಗೆ ಕಡಿಮೆ ಆಯ್ತು" ಅನ್ನೋದು ಮೊದಲು ಬರುತ್ತದೆ, "ನನಗೆ ಜಾಸ್ತಿ ಆಯ್ತು, ಇದೂ ಸರಿಯಲ್ಲ" ಅನ್ನೋದು ತಡವಾಗಿ. 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಏಳು ದೇಶಗಳ ಮಕ್ಕಳ ಅಧ್ಯಯನ ಬಂದಿತ್ತು, ಭಾರತದ ಮಕ್ಕಳೂ ಇದ್ದರು. ಇಬ್ಬರು ಮಕ್ಕಳನ್ನು ಎದುರುಬದುರು ಕೂರಿಸಿ ತಿನಿಸು ಹೆಚ್ಚು-ಕಡಿಮೆ ಇಡೋದು, ಒಂದು ಮಗು ಒಪ್ಪಿದರೆ ಇಬ್ಬರಿಗೂ ಸಿಗುತ್ತದೆ, ಬೇಡ ಅಂದರೆ ಇಬ್ಬರಿಗೂ ಇಲ್ಲ. ತಮಗೆ ಕಡಿಮೆ ಬಂದಾಗ ಬೇಡ ಅನ್ನೋದು ಏಳೂ ದೇಶಗಳಲ್ಲಿ ಕಂಡಿತು. ತಮಗೇ ಜಾಸ್ತಿ ಬಂದಾಗಲೂ ಬೇಡ ಅಂದದ್ದು ಅಮೆರಿಕ, ಕೆನಡಾ, ಉಗಾಂಡಾ ಮೂರರಲ್ಲಿ ಮಾತ್ರ, ಅದೂ ದೊಡ್ಡ ಮಕ್ಕಳು. ಅಂದ್ರೆ ಸುತ್ತಲಿನವರನ್ನು ನೋಡಿ ಕಲಿಯೋದೂ ಇದರಲ್ಲಿ ಇದೆ ಅಂತ ನನಗನ್ನಿಸುತ್ತದೆ. ಐದು ವರ್ಷದ ಕೂಸಿಗೆ ಸ್ವಾರ್ಥಿ ಅಂತ ಹೆಸರಿಡಬೇಡಿ, ದಯವಿಟ್ಟು.

ಅಂಗನವಾಡಿ ಅಕ್ಕೋರು, ಬಾಗಲಕೋಟೆ:
ಬರೀ ಬುದ್ಧಿ ಹೇಳಿದರೆ ಆಗಲ್ಲ ರೀ. ಮೂರು ವರ್ಷದ ಮಗುವಿಗೂ ಸಮ ಹಂಚಬೇಕು ಅಂತ ಗೊತ್ತಿರುತ್ತದೆ, ಕೇಳಿದರೆ ಹೇಳುತ್ತದೆ, ಕೈಗೆ ಕೊಟ್ಟರೆ ಮಾತ್ರ ಹಂಚಲ್ಲ. ಕೂಡಿ ಕೆಲಸ ಮಾಡಿಸಿ ನೋಡಿ. 2011ರಲ್ಲಿ ಜರ್ಮನಿಯ ಸಂಶೋಧಕರು ಮೂರು ವರ್ಷದ ಮಕ್ಕಳಿಂದ ಜೊತೆಯಾಗಿ ಹಗ್ಗ ಎಳೆಸಿ ಗೋಲಿ ಬರುವ ಹಾಗೆ ಮಾಡಿದ್ದರು. ಒಬ್ಬರಿಗೆ ಮೂರು, ಇನ್ನೊಬ್ಬರಿಗೆ ಒಂದು ಬಂದಾಗ, ಜಾಸ್ತಿ ಸಿಕ್ಕ ಮಗು ಎಷ್ಟೋ ಸಲ ತಾನಾಗೇ ಒಂದನ್ನು ಕೊಟ್ಟಿತು. ಸುಮ್ನೆ ಸಿಕ್ಕಿದ್ದಾದರೆ ಅಷ್ಟು ಕೊಡಲಿಲ್ಲ. ನಾನು ನಮ್ಮ ಮಕ್ಕಳನ್ನು ಶೇಂಗಾ ಸುಲಿಯಲು ಕೂರಿಸುತ್ತೇನೆ, ಬೇರೆ ಬೇರೆ ತಟ್ಟೆ ಇಲ್ಲ, ಎಲ್ಲರಿಗೂ ಒಂದೇ ಬುಟ್ಟಿ. ಆಮೇಲೆ ಹಂಚುವಾಗ ಜಗಳ ಎಷ್ಟೋ ಕಡಿಮೆ.

ಇಂಡಿ ತಾಲೂಕಿನ ರೈತ:
ಅಕ್ಕೋರ ಮಾತು ಸರಿ, ಆದರೆ ಸಮ ಅಂದರೆ ನ್ಯಾಯ ಅಂತ ಅಲ್ಲ. ದ್ರಾಕ್ಷಿ ಕೊಯ್ಲಿಗೆ ಬಂದವರಲ್ಲಿ ಬೆಳಗಿನಿಂದ ದುಡಿದವನಿಗೂ ಮಧ್ಯಾಹ್ನ ಬಂದವನಿಗೂ ಒಂದೇ ಕೂಲಿ ಕೊಟ್ಟರೆ ಯಾರು ಒಪ್ಪುತ್ತಾರೆ? ಮಕ್ಕಳಿಗೂ ಬೆಳೀತಾ ಇದು ತಿಳಿಯುತ್ತದೆ, ಯಾರು ಜಾಸ್ತಿ ದುಡಿದರು, ಯಾರಿಗೆ ಜಾಸ್ತಿ ಹಸಿವು ಅಂತೆಲ್ಲ ಲೆಕ್ಕಕ್ಕೆ ತಗೋತಾರೆ. ಸದ್ಯಕ್ಕೆ ಒಂದು ಮಾಡಿ ತಂಗೀ: ಕರದಂಟು ತುಂಡು ಮಾಡೋದು ಮಗಳೇ ಮಾಡಲಿ, ಆದರೆ ಮೊದಲು ಆರಿಸೋದು ಬೇರೆ ಮಕ್ಕಳು, ಅವಳದು ಕೊನೆಗೆ. ತುಂಡು ಎಷ್ಟು ಸಮ ಬರುತ್ತವೆ ನೋಡಿ.