ಮಾಂಜಾ ದಾರಕ್ಕೆ ಸಿಕ್ಕ ಗೂಬೆ ಮನೆಯಲ್ಲಿದೆ, ಕಲಬುರಗಿಯಲ್ಲಿ ಯಾರಿಗೆ ತೋರಿಸಲಿ?

ಕತ್ತರಿ ಮಾಸ್ಟರ್, ಕಲಬುರಗಿ

ನಮಸ್ಕಾರ. ನಾನು ಶಹಾಬಜಾರಿನಲ್ಲಿ ಟೇಲರ್. ನಿನ್ನೆ ರಾತ್ರಿ ಸೆಕೆ ತಡೆಯದೆ ಮಾಳಿಗೆ ಮೇಲೆ ಮಲಗಲು ಹೋದೆ. ಪಕ್ಕದ ಬೇವಿನ ಗಿಡದಲ್ಲಿ ಹಾವು ಬುಸುಗುಟ್ಟಿದ ಹಾಗೆ ಸದ್ದು. ಟಾರ್ಚ್ ಬಿಟ್ಟರೆ ಬಿಳಿ ಮುಖದ ಗೂಬೆ, ಒಂದು ರೆಕ್ಕೆಯ ಮೇಲೆ ನೇತಾಡುತ್ತಿದೆ. ಸಂಕ್ರಾಂತಿಯ ಪತಂಗದ ದಾರ. ಹಬ್ಬ ಮುಗಿದು ಎರಡು ತಿಂಗಳಾಯಿತು, ದಾರ ಮಾತ್ರ ಗಿಡದಲ್ಲೇ ಇದೆ.

ಬ್ಲೌಸಿನ ಲೈನಿಂಗ್ ಬಟ್ಟೆ ಮುಚ್ಚಿ ಹಿಡಿದೆ. ಆದರೂ ಹೆಬ್ಬೆರಳಿಗೆ ಉಗುರು ನೆಟ್ಟಿತು. ಇಪ್ಪತ್ತು ವರ್ಷದಿಂದ ಸೂಜಿ ಚುಚ್ಚಿಸಿಕೊಂಡಿದ್ದೇನೆ, ಇದರ ನೋವೇ ಬೇರೆ. ಕೊಂಬೆಯ ಕಡೆ ದಾರ ಕತ್ತರಿಸಿ ಇಳಿಸಿದೆ. ರೆಕ್ಕೆಯ ಮುಂದಿನ ಅಂಚಿನಲ್ಲಿ ತೆಳ್ಳಗಿನ ಚರ್ಮ ಇದೆಯಲ್ಲ, ದಾರ ಅದರೊಳಗೆ ಇಳಿದಿದೆ. ಹತ್ತಿಯ ದಾರ ಆಗಿದ್ದರೆ ಎಳೆದರೆ ಪಟ್ ಅನ್ನುತ್ತಿತ್ತು. ಇದು ನೈಲಾನ್, ಹಲ್ಲಿಗೂ ಜಗ್ಗಲ್ಲ.

ಅವ್ವ ಅರಿಶಿನ ಹಚ್ಚಿದಳು. ಹಾಲು ಕುಡಿಸಲು ನೋಡಿದಳು, ಕೊಕ್ಕು ಬಿಡಲಿಲ್ಲ. ಈಗ ರಟ್ಟಿನ ಡಬ್ಬದಲ್ಲಿ ಕೂಲರ್ ಮುಂದೆ ಇಟ್ಟಿದ್ದೇನೆ. ಬೆಳಿಗ್ಗೆ ನೋಡಿದರೆ ಹೆಬ್ಬೆರಳು ಗಾತ್ರದ ಕಪ್ಪು ಉಂಡೆ ಕಕ್ಕಿದೆ. ಒದ್ದೆಯಾಗಿ ಹೊಳೆಯುತ್ತಿತ್ತು. ರಕ್ತ ಹೆಪ್ಪುಗಟ್ಟಿದ್ದಾ ಅಂತ ಭಯ.

ಒಂದು ಕ್ಲಿನಿಕ್‌ಗೆ ಹೋದೆ, ನಾಯಿ ಬೆಕ್ಕು ಅಷ್ಟೇ ನೋಡ್ತೀವಿ ಅಂದರು. ಪಕ್ಕದ ಮನೆ ಕಾಕಾ, ಗೂಬೆ ಹೊಕ್ಕ ಮನೆ ಬಿಡಬೇಕು, ಶಾಂತಿ ಮಾಡಿಸು ಅಂತ ಬಾಗಿಲಲ್ಲೇ ನಿಂತಿದ್ದಾರೆ. ಏನು ಮಾಡಲಿ?

ಬೀದರಿನಲ್ಲಿ ಓದಿದವ

ಮಾಸ್ಟರ್, ಮೊದಲು ಆ ಉಂಡೆ. ಹೆದರಬೇಡಿ, ಅದು ರಕ್ತ ಅಲ್ಲ. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಅರಗದ ಕೂದಲು, ಮೂಳೆ ಉಂಡೆ ಕಟ್ಟಿ ಬಾಯಿಂದಲೇ ಹೊರಗೆ ಹಾಕುತ್ತದೆ. ನಿಮ್ಮದು ಕಣಜ ಗೂಬೆ.

ದಾರವನ್ನು ಎಳೆಯಲೇಬೇಡಿ. ನಾಲ್ಕು ಬೆರಳು ತುದಿ ಹೊರಗೆ ಬಿಟ್ಟಿರಿ, ಡಾಕ್ಟರಿಗೆ ಅದೇ ದಾರಿ ತೋರಿಸೋದು. ಆ ಚರ್ಮ ಒಣಗಿದರೆ ಹಕ್ಕಿ ಮತ್ತೆ ಹಾರೋದು ಕಷ್ಟ. ಮೆಡಿಕಲ್ ಶಾಪಿನಲ್ಲಿ ಸಲೈನ್ ಸಿಗುತ್ತೆ, ಗಾಜ್ ಬಟ್ಟೆ ಅದರಲ್ಲಿ ನೆನೆಸಿ ಗಾಯದ ಮೇಲೆ ಇಡಿ. ಹಚ್ಚಿದ ಅರಿಶಿನ ಉಜ್ಜಿ ತೆಗೆಯೋಕೆ ಹೋಗಬೇಡಿ. ಎಣ್ಣೆ, ತುಪ್ಪ, ಮುಲಾಮು ಬೇಡ, ಗರಿ ಅಂಟಿಕೊಳ್ಳುತ್ತೆ.

ಹಾಲು ಬೇಡ, ಬಾಯಿಗೆ ನೀರು ಬಿಡೋದೂ ಬೇಡ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ನೀರು ಸೀದಾ ಪುಪ್ಪುಸಕ್ಕೆ ಹೋಗಬಹುದು. ಅವ್ವನಿಗೆ ಕೊಕ್ಕು ಬಿಡದೆ ಒಳ್ಳೆಯದೇ ಮಾಡಿದೆ! ರೆಕ್ಕೆಯನ್ನು ಎದೆಗೆ ಸೇರಿಸಿ ಬಿಗಿಯಾಗಿ ಕಟ್ಟಬೇಡಿ. ಹಕ್ಕಿಗೆ ನಮ್ಮ ಹಾಗೆ ವಪೆ (ಎದೆ, ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಎದೆಯೆಲುಬು ಆಡಿದರೇನೇ ಉಸಿರು. ಕೂಲರ್ ಗಾಳಿ ನೇರ ತಾಗದ ಹಾಗೆ ಕತ್ತಲೆ ಮೂಲೆಯಲ್ಲಿಡಿ. ಡಬ್ಬ ಪದೇ ಪದೇ ತೆರೆದು ನೋಡಬೇಡಿ.

ಈಗಲೇ 1926ಕ್ಕೆ ಫೋನ್ ಮಾಡಿ, ಅರಣ್ಯ ಇಲಾಖೆ ಸಹಾಯವಾಣಿ. 1962 ಪಶು ಆಂಬುಲೆನ್ಸ್, ಅದು ಹೆಚ್ಚಾಗಿ ದನಕರುಗಳಿಗೆ. ಅಲ್ಲಿ ಆಗಲ್ಲ ಅಂದರೆ ಬೀದರಿನ ಪಶುವೈದ್ಯ ಕಾಲೇಜು ಇದೆ. ಬಿಸಿಲೇರಿದ ಮೇಲೆ ಹೊರಡಬೇಡಿ, ಬೆಳಗಿನ ಜಾವವೇ ಸರಿ.

ಮಾಳಿಗೆ ಮಂಜ, ಕಲಬುರಗಿ

ಸುಮ್ನೆ ಯಾಕೆ ತಲೆನೋವು? ರಾತ್ರಿ ಕೋಟೆ ಹತ್ತಿರ ಬಿಟ್ಟುಬಿಡಿ, ಅದರ ಪಾಡು ಅದಕ್ಕೆ.

ಯಾದಗಿರಿ ಟೀಚರ್

ತಮ್ಮಾ, ಒಂದೇ ರೆಕ್ಕೆಯಲ್ಲಿ ಬಿಟ್ಟರೆ ಬೆಳಗಾಗುವುದರೊಳಗೆ ನಾಯಿ ಪಾಲು. ಮಾಸ್ಟರ್, ಇಲಾಖೆಗೆ ತಿಳಿಸೋದು ನಿಮಗೂ ಒಳ್ಳೆಯದು. 1972ರ ವನ್ಯಜೀವಿ ಕಾಯ್ದೆಯಲ್ಲಿ ಗೂಬೆಗೆ ರಕ್ಷಣೆ ಇದೆ, ಮನೆಯಲ್ಲಿ ಸಾಕುವಂತಿಲ್ಲ. ಬೀದಿಗೆಲ್ಲ ಸುದ್ದಿ ಹಬ್ಬಿಸಬೇಡಿ. ಮಾಟಕ್ಕೆ ಅಂತ ಗೂಬೆ ಹುಡುಕುವವರೂ ಇದ್ದಾರೆ. ಕಾಕಾನ ಮನೆಯಲ್ಲಿ ತೊಗರಿ ಚೀಲ ಇದ್ದರೆ, ಗೂಬೆ ಊಟ ಏನು ಅಂತ ಒಮ್ಮೆ ಹೇಳಿ ನೋಡಿ.

ಕತ್ತರಿ ಮಾಸ್ಟರ್, ಕಲಬುರಗಿ

ಎಲ್ಲರಿಗೂ ಥ್ಯಾಂಕ್ಸ್. 1926ಕ್ಕೆ ಮಾಡಿದೆ. ಎರಡು ಸಲ ವಿಳಾಸ ಕೇಳಿದರು, ಸಂಜೆ ಇಬ್ಬರು ಬಂದು ಒಯ್ದರು. ಇವತ್ತು ಅವರಿಗೇ ಫೋನ್ ಹಚ್ಚಿ ವಿಚಾರಿಸಿದೆ. ದಾರ ತೆಗೆದು ಆರು ಹೊಲಿಗೆ ಹಾಕಿದ್ದಾರಂತೆ. ಹಾರುತ್ತಾ ಅಂತ ಕೇಳಿದರೆ, ಎರಡು ವಾರ ಬಿಟ್ಟು ಕೇಳ್ರಿ ಅಂದರು. ಹೊಲಿಗೆ ಎಂಥ ದಾರದ್ದು ಅಂತಲೂ ಕೇಳಿದೆ. ತಾನೇ ಕರಗುತ್ತಂತೆ.

ಆ ಉಂಡೆಯನ್ನು ಮಗ ಪೇಪರ್ ಮೇಲಿಟ್ಟು ಬೆಂಕಿಕಡ್ಡಿಯಿಂದ ಬಿಡಿಸಿದ. ಒಳಗೆ ಬೂದು ಕೂದಲು, ಎರಡು ಪುಟ್ಟ ತಲೆಬುರುಡೆ. ಒಂದರಲ್ಲಿ ಮುಂದಿನ ಹಳದಿ ಹಲ್ಲು ಹಾಗೇ ಇತ್ತು. ಕಾಕಾನೂ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ಶಾಂತಿಯ ಮಾತು ಎತ್ತಲಿಲ್ಲ, ಬಿಟ್ಟೂ ಇಲ್ಲ.

ಬೇವಿನ ಗಿಡದಲ್ಲಿ ಇನ್ನೂ ಮೂರು ಕಡೆ ದಾರ ಜೋತಾಡುತ್ತಿದೆ. ನನ್ನ ಏಣಿ ಮುಟ್ಟಲ್ಲ. ಶಹಾಬಜಾರ್ ಕಡೆ ಯಾರ ಹತ್ತಿರವಾದರೂ ಉದ್ದದ ದೋಟಿ ಇದೆಯಾ? ಭಾನುವಾರ ಅಂಗಡಿ ರಜೆ.