ಪಿಸ್ತೂಲ್ ಗುಂಡಿಗೆ ಬೋಲ್ಟ್ ಆಕ್ಷನ್ ಕಾರ್ಬೈನ್, ಹುಚ್ಚಾ ಇಲ್ಲಾ ಉಪಯೋಗ ಇದ್ಯಾ?

ಒಂಟಿಡೇರೆ:
ಲೈಸೆನ್ಸ್ ಇರೋ 9 ಎಂಎಂ ಪಿಸ್ತೂಲ್ ಒಂದಿದೆ ನನ್ನತ್ರ, ಅದೇ ಗುಂಡು ತಿನ್ನೋ ಉದ್ದ ಬ್ಯಾರಲ್ಲಿನ ಕಾರ್ಬೈನ್, ಅಂದ್ರೆ ಗಿಡ್ಡ ರೈಫಲ್, ಒಂದು ಬೇಕು ಅಂತ ತುಂಬಾ ದಿನದಿಂದ ತಲೇಲಿ ಕೊರೀತಾ ಇದೆ. ಎಲ್ಲಿ ನೋಡಿದ್ರೂ ಸೆಮಿ ಆಟೋನೇ (ಹೊಡೆದಂಗೆ ಮುಂದಿನ ಗುಂಡು ತಾನೇ ತುಂಬಿಕೊಳ್ಳೋದು) ತೋರಿಸ್ತಾರೆ, ನಂಗೆ ಮನಸ್ಸಿರೋದು ಪ್ರತಿ ಸಲ ಕೈಲಿ ಹ್ಯಾಂಡಲ್ ಎಳೆದು ತುಂಬೋ ಬೋಲ್ಟ್ ಆಕ್ಷನ್ ಮೇಲೆ, ಯಾಕಂದ್ರೆ ಕಷ್ಟಕಾಲಕ್ಕೆ ಅಂತ ಇಡೋ ವಸ್ತು, ಗುಂಡು ಸಪ್ಪೆ ಬಂದು ಹಾರದಿದ್ರೂ ಕೈಲಿ ಎಳ್ಕೊಂಡು ಮುಂದಿಂದು ಹೊಡೀಬಹುದಲ್ವಾ. ಫ್ರೆಂಡ್ ಒಬ್ಬ ನಗ್ತಾನೆ, ನಿಧಾನವೇ ಬೇಕಿದ್ರೆ ದೊಡ್ಡ ರೈಫಲ್ ತಗೋ, ಸಣ್ಣ ಗುಂಡೇ ಬೇಕಿದ್ರೆ ಸೆಮಿ ತಗೋ, ಎರಡರ ಕೆಟ್ಟಗುಣ ಒಂದೇ ಕಡೆ ಯಾಕೆ ಸೇರಿಸ್ತೀಯ ಅಂತಾನೆ. ಬಳಸಿದವ್ರು ಹೇಳಿ.

ಹಿತ್ತಾಳೆ ಪುಡಿ:
ನಿಮ್ ಫ್ರೆಂಡ್ ಹೇಳಿದ್ದು ಅರ್ಧ ಸರಿ. ಆದ್ರೆ ಸೆಮಿ ಒಳಗೆ ಏನಾಗುತ್ತೆ ನೋಡಿ, 9 ಎಂಎಂ ಕಾರ್ಬೈನ್ ಬಹುಪಾಲು ಬ್ಲೋಬ್ಯಾಕು, ಅಂದ್ರೆ ಬೋಲ್ಟ್ ಲಾಕ್ ಆಗೋದೇ ಇಲ್ಲ, ಅದರ ತೂಕ ಮತ್ತೆ ಸ್ಪ್ರಿಂಗೇ ಗುಂಡಿನ ಒತ್ತಡ ತಡೀಬೇಕು. ಅದಕ್ಕೇ ಒಳಗೊಂದು ದಪ್ಪ ಕಬ್ಬಿಣದ ತುಂಡು, ಅದು ಹಿಂದಕ್ಕೆ ಬಂದು ಬಡಿಯೋ ಹೊಡೆತಕ್ಕೆ ಇಷ್ಟು ಸಣ್ಣ ಗುಂಡಿಗೆ ಇಷ್ಟೊಂದು ಒದೆತವಾ ಅನ್ಸುತ್ತೆ. ಬೋಲ್ಟ್ ಆಕ್ಷನ್‌ನಲ್ಲಿ ಲಾಕ್ ಆಗಿರುತ್ತೆ, ಏನೂ ಅಲ್ಲಾಡಲ್ಲ, ಗ್ಯಾಸ್ ಮುಖಕ್ಕೆ ಬರಲ್ಲ, ಬಂದೂಕೂ ಹಗುರ ಮಾಡಬಹುದು.

ಇನ್ನೊಂದು, ಕೇಸು, ಅಂದ್ರೆ ಗುಂಡಿನ ಹಿತ್ತಾಳೆ ಕವಚ. ನಾನು ಖಾಲಿ ಕೇಸಿಗೆ ಮನೇಲೇ ಮತ್ತೆ ಮದ್ದು, ಗುಂಡು ತುಂಬ್ಕೊಳೋನು. ಸೆಮಿ ಇದ್ದಾಗ ಹುಲ್ಲಲ್ಲಿ ಮಂಡಿಯೂರಿ ಹುಡುಕೋದೇ ಅರ್ಧ ದಿನ. ಈಗ ಹ್ಯಾಂಡಲ್ ಮೆಲ್ಲಗೆ ಎಳೀತೀನಿ, ಖಾಲಿ ಕೇಸು ಅಲ್ಲೇ ಬೋಲ್ಟ್ ಮುಂದಿನ ಕಿಂಡೀಲಿ ನಿಲ್ಲುತ್ತೆ, ಇನ್ನೂ ಬೆಚ್ಚಗಿರುತ್ತೆ, ಎರಡು ಬೆರಳಲ್ಲಿ ತೆಗೆದು ಜೇಬಿಗೆ.

ಮತ್ತೆ ಇದೇನು ಹೊಸ ಹುಚ್ಚಲ್ಲ ರೀ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಡಿ ಲೈಲ್ ಕಾರ್ಬೈನ್ ಅಂತಿತ್ತು, ಲೀ ಎನ್‌ಫೀಲ್ಡ್ ಆಕ್ಷನ್ನಿಗೆ .45 ಪಿಸ್ತೂಲ್ ಗುಂಡಿನ ಬ್ಯಾರಲ್, 1911 ಅನ್ನೋ ಪಿಸ್ತೂಲಿನ ಮ್ಯಾಗಜಿನ್, ಜೊತೆಗೆ ಬ್ಯಾರಲ್ ಸುತ್ತಾನೇ ಸೈಲೆನ್ಸರ್. ಮಾಡಿದ್ದು ಸುಮಾರು 130 ಅಷ್ಟೇ. .45ರ 230 ಗ್ರೇನ್ (ಸುಮಾರು 15 ಗ್ರಾಂ) ಗುಂಡು ಸೆಕೆಂಡಿಗೆ 850 ಅಡಿ ಆಸುಪಾಸು ಓಡೋದು, ಶಬ್ದದ ವೇಗ 1100 ದಾಟಿರುತ್ತೆ, ಹಾಗಾಗಿ ಗಾಳೀಲಿ ಚಟೀರ್ ಅನ್ನೋದೂ ಇಲ್ಲ. ಗುಂಡಿಗಿಂತ ಬೋಲ್ಟ್ ಎಳೆಯೋ ಸದ್ದೇ ಜೋರು ಅಂತಿದ್ರು.

ಗುರಿಕಟ್ಟೆ:
ಎಲ್ಲಾ ಒಪ್ತೀನಿ, 9 ಎಂಎಂ ಮಾತ್ರ ಬೇಡ ಅಂತೀನಿ. 4 ಇಂಚ್ ಬ್ಯಾರಲ್ಲಲ್ಲಿ 115 ಗ್ರೇನ್ ಗುಂಡು 1150 ಅಡಿ ಓಡಿದ್ರೆ 16 ಇಂಚಲ್ಲಿ 1300 ಚಿಲ್ಲರೆ, ಮದ್ದೇ ಕಮ್ಮಿ ಇರೋದು, ಬೇಗ ಉರಿದು ಮುಗಿಯುತ್ತೆ, ಆಮೇಲೆ ಎಷ್ಟು ಉದ್ದ ಇದ್ರೇನು. ಅದೇ .357 ಮ್ಯಾಗ್ನಮ್ ನೋಡಿ, ರಿವಾಲ್ವರಲ್ಲಿ 158 ಗ್ರೇನ್ 1250 ಹತ್ರ, ಕಾರ್ಬೈನಲ್ಲಿ 1700-1800ಕ್ಕೆ ಹೋಗುತ್ತೆ, ಬಂದೂಕೇ ಬೇರೆ ಆದಂಗೆ. ಸದ್ದು ಕಮ್ಮಿ ಬೇಕಾದ್ರೆ ಅದೇ ಚೇಂಬರಿಗೆ (ಬ್ಯಾರಲ್ ಬುಡದಲ್ಲಿ ಗುಂಡು ಕೂರೋ ಗೂಡು) ಮೆಲ್ಲಗಿನ .38 ಸ್ಪೆಷಲ್ ಗುಂಡು ಹಾಕಿ. ತೊಂದ್ರೆ ಏನಂದ್ರೆ ಕೇಸಿನ ಬುಡಕ್ಕೆ ಹೊರಚಾಚಿದ ಅಂಚಿದೆ, ಮ್ಯಾಗಜಿನಲ್ಲಿ ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಾಕ್ಕೊಳತ್ತೆ, ರೂಗರ್ 77/357 ಅನ್ನೋ ಬೋಲ್ಟ್ ರೈಫಲಲ್ಲಿ ಅದಕ್ಕೇ 5 ಗುಂಡಿನ ತಿರುಗೋ ಮ್ಯಾಗಜಿನ್ ಕೊಟ್ಟಿದ್ರು.

ಇನ್ನು ಬೋಲ್ಟ್ ಜಾಮ್ ಆಗಲ್ಲ ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ. ಮೊದಲ್ನೇ ದಿನ ಗಡಿಬಿಡೀಲಿ ನಾನೇ ಪೂರ್ತಿ ಹಿಂದಕ್ಕೆ ಎಳೀದೆ ಮುಂದಕ್ಕೆ ತಳ್ಳಿದೆ, ಖಾಲಿ ಕೇಸು ಹೊರಗೆ ಬೀಳದೆ ಮತ್ತೆ ಚೇಂಬರಿಗೇ ಹೋಯ್ತು, ಟ್ರಿಗರ್ ಒತ್ತಿದ್ರೆ ಕ್ಲಿಕ್ ಅಷ್ಟೇ. ಪಕ್ಕದೋರು ಏನೂ ಅನ್ಲಿಲ್ಲ, ಅದೇ ಇನ್ನೂ ಅವಮಾನ.

ಆಮೇಲೆ ಸಪ್ಪೆ ಗುಂಡು ಅಂದ್ರಲ್ಲ, ಪಿನ್ ಬಡಿದೂ ಹಾರಲಿಲ್ಲ ಅಂದ್ರೆ ತಕ್ಷಣ ಬೋಲ್ಟ್ ತೆಗೀಬೇಡಿ, ಬ್ಯಾರಲ್ ಬಾಯಿ ಗುರಿ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಿರಿ, ತಡವಾಗಿ ಸಿಡಿಯೋದೂ ಉಂಟು. ಪುಸ್ ಅಂತ ಸದ್ದು ಕಮ್ಮಿ ಬಂದ್ರೆ ಅದು ಇನ್ನೂ ಕೆಟ್ಟದ್ದು, ಗುಂಡು ಬ್ಯಾರಲ್ಲಲ್ಲೇ ಕೂತಿರಬಹುದು. ಸೆಮಿ ಆದ್ರೆ ತಾನೇ ನಿಂತುಬಿಡತ್ತೆ, ಬೋಲ್ಟ್ ಆದ್ರೆ ನಿಮ್ ಕೈ ಅಭ್ಯಾಸಬಲಕ್ಕೆ ಇನ್ನೊಂದು ತುಂಬಿ ಹೊಡೆದುಬಿಡತ್ತೆ, ಆಗ ಬ್ಯಾರಲ್ ಗತಿ ಅಷ್ಟೇ.

ಭಾರವಿಲ್ಲದವ:
ಕಷ್ಟಕಾಲ ಅಂತ ಹೊತ್ಕೊಂಡು ನಡೆಯೋರಿಗೆ ಒಂದು ಲೆಕ್ಕ. 9 ಎಂಎಂ ಒಂದು ಗುಂಡು 12 ಗ್ರಾಂ ಹತ್ರ, .22 ಅನ್ನೋ ಸಣ್ಣ ರೈಫಲ್ ಗುಂಡು ಮೂರೂವರೆ ಗ್ರಾಮೂ ಇಲ್ಲ. 500 ಗುಂಡಿಗೆ 6 ಕಿಲೋ ಎಲ್ಲಿ, 2 ಕಿಲೋ ಒಳಗೆ ಎಲ್ಲಿ. ಮೊಲ ಹೊಡೆಯೋಕೆ .22 ಬೋಲ್ಟೇ ಧಾರಾಳ.

ಒಂಟಿಡೇರೆ:
ಸಪ್ಪೆ ಗುಂಡಿನ ವಿಷ್ಯ ನಾನು ಪೂರ್ತಿ ಉಲ್ಟಾ ಅಂದ್ಕೊಂಡಿದ್ದೆ, ಹೇಳಿದ್ದು ಒಳ್ಳೇದಾಯ್ತು. .357 ಅಂದ್ರೆ ರಿವಾಲ್ವರೂ ತಗೋಬೇಕಲ್ಲ ಮಾರಾಯ್ರೇ, ಒಂದೇ ಗುಂಡು ಎರಡಕ್ಕೂ ಅಂತ ಹೊರಟಿದ್ದೇ ನಾನು. 9 ಎಂಎಂ ಅನ್ನೇ ಹಿಡ್ಕೊಂಡ್ರೆ 50 ಗಜಕ್ಕೆ ಜೀರೋ ಮಾಡಿದ್ದು (ಗುರಿ ಸರಿಹೊಂದಿಸಿದ್ದು) 100ಕ್ಕೆ ಎಷ್ಟು ಇಳಿಯುತ್ತೆ?

ಗುರಿಕಟ್ಟೆ:
ಹಗುರ ಗುಂಡಾದ್ರೆ ಐದಾರು ಇಂಚು, 147 ಗ್ರೇನಿನ ನಿಧಾನದ್ದು ಇನ್ನೂ ಜಾಸ್ತಿ. ನಿಮ್ಮ ಡಬ್ಬಿಯದ್ದನ್ನೇ ಕಾಗದದ ಮೇಲೆ ಹೊಡೆದು ನೋಡಿ, ಬೇರೆಯೋರ ಅಂಕಿ ನಿಮ್ ಬ್ಯಾರಲ್ಲಿಗೆ ಕೂರಲ್ಲ.