ಹಳೆಯ ಕಲ್ಲಿನ ದೇವಾಲಯದ ಜೀರ್ಣೋದ್ಧಾರ: ಕಾಂಕ್ರೀಟು, ಬಣ್ಣ ಮತ್ತು ಶಾಸನದ ಕಲ್ಲು

ಪ್ರಶ್ನೆ (ಮಲೆನಾಡಿಗ):
ನಮ್ಮೂರ ಈಶ್ವರ ದೇವಾಲಯ ಹೊಯ್ಸಳರ ಕಾಲದ್ದೆಂದು ಹಿರಿಯರು ಹೇಳುತ್ತಾರೆ. ಬಳಪದ ಕಲ್ಲಿನ ಕಂಬಗಳಿರುವ ನವರಂಗ (ಗರ್ಭಗುಡಿಯ ಮುಂದಿನ ಮಂಟಪ), ಬಾಗಿಲ ಪಕ್ಕದಲ್ಲಿ ಒಂದು ಶಾಸನ, ಅಂಗಳದಲ್ಲಿ ಎರಡು ವೀರಗಲ್ಲುಗಳಿವೆ. ಮಳೆಗಾಲದಲ್ಲಿ ಮಾಳಿಗೆ ಸೋರುವುದರಿಂದ ಸಮಿತಿಯವರು ಹಣ ಕೂಡಿಸಿ, ಮೇಲೆ ಕಾಂಕ್ರೀಟು, ನೆಲಕ್ಕೆ ಟೈಲ್ಸ್, ಕಂಬಗಳಿಗೆ ಎನಾಮಲ್ ಬಣ್ಣ ಹಾಕಿಸಲು ನಿಶ್ಚಯಿಸಿದ್ದಾರೆ. ಭಕ್ತಿಯಿಂದ ನಡೆಯುತ್ತಿರುವ ಕೆಲಸವನ್ನು ವಿರೋಧಿಸಲು ಮನಸ್ಸಿಲ್ಲ, ಸುಮ್ಮನಿರಲೂ ಆಗುತ್ತಿಲ್ಲ. ಅವರ ಮುಂದೆ ಏನೆಂದು ವಾದಿಸಬೇಕು?

ಉತ್ತರ (ಗಾರೆ ಕೆಲಸದವ):
ವಾದವನ್ನು ಸೋರಿಕೆಯಿಂದಲೇ ಆರಂಭಿಸಿ, ಏಕೆಂದರೆ ಸಮಿತಿಯ ಚಿಂತೆ ಇರುವುದು ಅಲ್ಲಿಯೇ. ಇಂಥ ಮಾಳಿಗೆಗಳು ಸೋರುವುದು ಸಾಮಾನ್ಯವಾಗಿ ಕಲ್ಲುಚಪ್ಪಡಿಗಳ ಸಂದಿನ ಗಾರೆ ಸವೆದಿರುವುದರಿಂದ, ನೀರು ಹೊರಹೋಗುವ ದಾರಿ ಕಟ್ಟಿರುವುದರಿಂದ, ಅಥವಾ ಅರಳಿ ಗಿಡದ ಬೇರು ಸಂದಿಗೆ ಇಳಿದಿರುವುದರಿಂದ. ಅದರ ಮೇಲೆ ಕಾಂಕ್ರೀಟು ಸುರಿದರೆ ಮೂಲ ದೋಷ ಒಳಗೇ ಉಳಿಯುತ್ತದೆ, ಕಂಬ ತೊಲೆಗಳ ಮೇಲೆ ಹೊಸ ಭಾರವೂ ಬೀಳುತ್ತದೆ. ಒಳಗಿನ ಕಬ್ಬಿಣದ ಸರಳು ಮುಂದೆ ತುಕ್ಕು ಹಿಡಿದು ಉಬ್ಬಿದಾಗ ಕಾಂಕ್ರೀಟಿನೊಡನೆ ಪಕ್ಕದ ಕಲ್ಲನ್ನೂ ಸೀಳುತ್ತದೆ. ಸಿಮೆಂಟಿನಲ್ಲಿರುವ ಲವಣಗಳು ನೀರಿನೊಂದಿಗೆ ಕಲ್ಲಿಗೆ ಇಳಿದು, ಒಣಗುವಾಗ ಹರಳುಗಟ್ಟಿ, ಮೇಲ್ಪದರವನ್ನು ಪುಡಿ ಮಾಡುತ್ತವೆ. ಸುಣ್ಣ, ಮರಳು, ಇಟ್ಟಿಗೆ ಪುಡಿಗಳನ್ನು ಬೆಲ್ಲ ಹಾಗೂ ಅಳಲೆಕಾಯಿ ನೆನೆಸಿದ ನೀರಿನಲ್ಲಿ ಅರೆದ ಗಾರೆ ಕಲ್ಲಿಗಿಂತ ಮೃದುವಾಗಿದ್ದು ತೇವವನ್ನು ಹೊರಬಿಡುವುದರಿಂದ, ಸವೆಯಬೇಕಾದಾಗ ಗಾರೆ ಸವೆಯುತ್ತದೆಯೇ ಹೊರತು ಕಲ್ಲಲ್ಲ. ಹತ್ತಾರು ವರ್ಷಕ್ಕೊಮ್ಮೆ ಗಾರೆಯನ್ನು ಮತ್ತೆ ತುಂಬಿಸಬೇಕಾಗುತ್ತದೆ ಎಂಬುದನ್ನು ಸಮಿತಿಗೆ ಮೊದಲೇ ತಿಳಿಸಿಬಿಡಿ.

ಎನಾಮಲ್ ಬಣ್ಣವಂತೂ ಬೇಡವೇ ಬೇಡ. ಬಳಪದ ಕಲ್ಲು ಮೃದು. ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದೇ ಆ ಗುಣದಿಂದ. ಬಣ್ಣ ಆ ಗೆರೆಗಳನ್ನು ತುಂಬಿಬಿಡುತ್ತದೆ, ಮುಂದೆ ಅದನ್ನು ತೆಗೆಯಲು ಮರಳು ಊದುವ ಯಂತ್ರ ತಂದರೆ ಕೆತ್ತನೆಯೂ ಬಣ್ಣದ ಜೊತೆಗೇ ಹೋಗುತ್ತದೆ. ಟೈಲ್ಸ್ ಹಾಕಿದರೆ ನೆಲದ ತೇವ ಮೇಲೇಳಲು ಜಾಗವಿಲ್ಲದೆ ಕಂಬದ ಬುಡಕ್ಕೆ ಏರುತ್ತದೆ.

ಉತ್ತರ (ಶಾಸನಾಸಕ್ತ):
ಕೆಲಸ ಆರಂಭವಾಗುವ ಮೊದಲು ಶಾಸನವನ್ನು ದಾಖಲಿಸಿ. ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅಕ್ಷರಗಳು ಎದ್ದು ಕಾಣುತ್ತವೆ. ಸುಣ್ಣ, ಸೀಮೆಸುಣ್ಣ ತಿಕ್ಕಬೇಡಿ, ಆಮ್ಲದಿಂದ ತೊಳೆಯಬೇಡಿ. ಶಾಸನತಜ್ಞ ಬಿ.ಎಲ್. ರೈಸ್ 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳಲ್ಲಿ ಹಳೆಯ ಮೈಸೂರು ಮತ್ತು ಕೊಡಗಿನ ಒಂಬತ್ತು ಸಾವಿರದಷ್ಟು ಶಾಸನಗಳನ್ನು ಪ್ರಕಟಿಸಿದರು. ಅವು ತಾಲ್ಲೂಕುವಾರು ಕ್ರಮಸಂಖ್ಯೆಯಲ್ಲಿರುವುದರಿಂದ ನಿಮ್ಮೂರಿನ ಹೆಸರನ್ನು ಹುಡುಕುವುದು ಸುಲಭ. ಅಲ್ಲಿ ಸಿಗದಿದ್ದರೆ ನಿಮ್ಮ ಶಾಸನ ಇನ್ನೂ ಅಪ್ರಕಟಿತವಾಗಿರಬಹುದು. ಆಗ ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗಕ್ಕೆ ಚಿತ್ರಗಳೊಂದಿಗೆ ಬರೆಯಿರಿ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವೂ ವಿದ್ವಾಂಸರ ಕಣ್ಣಿಗೆ ಬೀಳುವವರೆಗೆ ಊರಿನೊಂದು ಕಲ್ಲಾಗಿಯೇ ನಿಂತಿತ್ತು ಎಂಬುದನ್ನು ಸಮಿತಿಗೆ ನೆನಪಿಸಬಹುದು.

ಇನ್ನೊಂದು ಮಾತು. ಅದು ದಾನಶಾಸನವಾಗಿದ್ದರೆ, ಈ ಧರ್ಮವನ್ನು (ದಾನವನ್ನು) ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಯನ್ನು (ಕಪಿಲೆ ಹಸುವನ್ನು) ಕೊಂದ ಪಾಪಕ್ಕೆ ಹೋಗುವನೆಂಬ ಅರ್ಥದ ಶಾಪವಾಕ್ಯ ಕೊನೆಯಲ್ಲಿ ಇರುವ ಸಾಧ್ಯತೆ ಹೆಚ್ಚು. ಓದಿಸಿ ಸಭೆಯಲ್ಲಿ ಕೇಳಿಸಿದರೆ, ನಮ್ಮೆಲ್ಲರ ವಾದಗಳಿಗಿಂತ ಅದೇ ಬೇಗ ಫಲ ಕೊಟ್ಟೀತು!

ಉತ್ತರ (ಅರ್ಚಕರ ಮನೆಯವ):
ಮೇಲಿನವರು ದೇವಾಲಯವನ್ನು ಬರೀ ಕಟ್ಟಡವೆಂಬಂತೆ ನೋಡಿದ್ದಾರೆಂಬ ಸಣ್ಣ ಆಕ್ಷೇಪ ನನ್ನದು. ಪೂಜೆ ನಡೆಯುವ ಗುಡಿಯಲ್ಲಿ ಎಣ್ಣೆ, ಅಭಿಷೇಕದ ನೀರು, ಜನರ ಓಡಾಟ ಇದ್ದೇ ಇರುತ್ತವೆ. ಅದನ್ನು ವಸ್ತುಸಂಗ್ರಹಾಲಯದಂತೆ ಕಾಯಲಾಗದು. ಆದರೂ ಅವರ ಸಲಹೆ ಶಾಸ್ತ್ರಕ್ಕೆ ವಿರುದ್ಧವಲ್ಲ. ಆಗಮಗಳಲ್ಲೂ ಮಯಮತದಂಥ ಶಿಲ್ಪಗ್ರಂಥಗಳಲ್ಲೂ ಜೀರ್ಣೋದ್ಧಾರಕ್ಕೆ ಪ್ರತ್ಯೇಕ ವಿಧಿಗಳಿದ್ದು, ಉಳಿದಿರುವುದನ್ನು ಉಳಿಸಿಕೊಂಡು ಮೂಲದ ದ್ರವ್ಯದಿಂದಲೇ ಸರಿಪಡಿಸುವ ಕ್ರಮಕ್ಕೆ ಅಲ್ಲಿ ಮನ್ನಣೆಯಿದೆ. ಗರ್ಭಗುಡಿಯ ಕೆಲಸವಿದ್ದರೆ ಕಲಾಕರ್ಷಣ (ವಿಗ್ರಹದ ದೈವಶಕ್ತಿಯನ್ನು ಕಲಶಕ್ಕೆ ಸೆಳೆಯುವ ವಿಧಿ) ಮಾಡಿ ದೇವರನ್ನು ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿರಿಸಿ, ಮುಗಿದ ಮೇಲೆ ಕುಂಭಾಭಿಷೇಕ ನಡೆಸಬೇಕು. ಬಾಲಾಲಯದಲ್ಲಿ ಪೂಜೆ ತಪ್ಪದೆ ನಡೆಯುವುದರಿಂದ, ಬೇಗ ಮುಗಿಸುವ ಸಲುವಾಗಿ ಕಾಂಕ್ರೀಟಿಗೆ ಮೊರೆಹೋಗುವ ಅಗತ್ಯವಿಲ್ಲ.

ಮಲೆನಾಡಿಗ:
ತುಂಬ ಉಪಕಾರವಾಯಿತು. ದೇವಾಲಯ ಮುಜರಾಯಿಗೆ ಸೇರಿದೆ, ಆದರೆ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿಲ್ಲ. ಯಾರ ಅನುಮತಿ ಬೇಕಾಗುತ್ತದೆ?

ಗಾರೆ ಕೆಲಸದವ:
ಪಟ್ಟಿಯಲ್ಲಿಲ್ಲದ್ದರಿಂದ, ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ ನೂರು ಮೀಟರಿನೊಳಗೆ ಹೊಸ ನಿರ್ಮಾಣವನ್ನು ನಿಷೇಧಿಸುವ ನಿಯಮ ನಿಮ್ಮ ಗುಡಿಗೆ ಅನ್ವಯಿಸದು. ಹಾಗಾಗಿ ಧಾರ್ಮಿಕ ದತ್ತಿ (ಮುಜರಾಯಿ) ಇಲಾಖೆಯ ಅನುಮತಿ ಕೇಳುವ ಹಂತದಲ್ಲೇ ನೀವು ಕೆಲಸದ ಸ್ವರೂಪವನ್ನು ತಿದ್ದಿಸಬೇಕು. ರಾಜ್ಯ ಪುರಾತತ್ವ ಇಲಾಖೆಯವರು ಬಂದು ಸ್ಥಳ ಪರಿಶೀಲಿಸುವಂತೆ ಅದೇ ಅರ್ಜಿಯಲ್ಲಿ ಕೋರಿ, ಶಾಸನ ಮತ್ತು ವೀರಗಲ್ಲುಗಳ ಚಿತ್ರಗಳನ್ನು ಲಗತ್ತಿಸಿ. ಅವರು ಬರುವವರೆಗೆ ಮಾಳಿಗೆಗೆ ಟಾರ್ಪಾಲು ಹೊದಿಸಿ, ನೀರು ಹೋಗುವ ದಾರಿಯನ್ನು ಬಿಡಿಸಿದರೆ ಈ ಮಳೆಗಾಲ ಕಳೆಯಬಹುದು.